ವಿಠೋಬಣ್ಣನ ಸೂರ್ಯದಿಗ್ವಿಜಯ

ಕೇಳಿರಯ್ಯಾ ರಸಿಕರೇ! ಹಾಡಹಗಲೇ ಕರೆಂಟು ಕೈಕೊಡುವ ಈ ಘೋರ ಕಲಿಯುಗದಲ್ಲಿ, ಗಜೇಂದ್ರಗಡದ ಪೇಟೆಯಲ್ಲಿ, ಸಹಸ್ರರವಿಕೆನಿರ್ಮಾಣಧುರಂಧರನೂ ಕತ್ತರೀಖಡ್ಗಧಾರಿಯೂ ಕಂಠಲಂಬಿತಟೇಪುಮಾಲಾವಿಭೂಷಿತನೂ ಆದ ದರ್ಜಿ ವಿಠೋಬಣ್ಣನೆಂಬ ವೀರನಿದ್ದನು. ಅವನ ಎದೆಯಲ್ಲೊಂದು ಮುಳ್ಳು. ಗವಿಯಂಥ ಅಂಗಡಿಯಲ್ಲಿ ಇತ್ತೀಚೆಗೆ ಕೈಸೂಜಿಯ ಕಣ್ಣು ಕಾಣದು. ಕರೆಂಟಿನ ವಂಶವನ್ನೆಲ್ಲ ಬೈದು, ಎದುರಂಗಡಿಯ ಕಡುವೈರಿ, ಕನ್ನಡಕಧಾರಿ ದರ್ಜಿ ಖಾದರಸಾಬನ ಹತ್ತಿರ ದಾರ ಪೋಣಿಸಿಕೊಂಡು ಬರಬೇಕು. ಛೇ, ಛೇ! ಮಾನವಂತನಿಗೆ ಇದಕ್ಕಿಂತ ಮರಣವೇ ಲೇಸಲ್ಲವೇ? "ಇನ್ನ ಅವನ ಹೊಸ್ತಲಾ ತುಳದ್ರ ಕೇಳು!" ಎಂದು ಕತ್ತರಿ ಮುಟ್ಟಿ ಆಣೆಯಿಟ್ಟ ವೀರನು, ಮಾಳಿಗೆಯ ಅಳತೆ ತೆಗೆದು, ಒಂದು ಬಲ್ಬು ಉರಿಸುವಷ್ಟು ಸೋಲಾರ್ ತರಲು ದಂಡಯಾತ್ರೆ ಹೊರಟನು.

ಸೋಲಾರ್ ಅಂಗಡಿಯಲ್ಲಿ ಎರಡು ಫಲಕಗಳು ನಿಂತಿದ್ದವು. ನೀಲವರ್ಣದ್ದು ಅಗಲ, ಅಗ್ಗ. ಕೃಷ್ಣವರ್ಣದ್ದು ಚಿಕ್ಕದು, ತುಟ್ಟಿ.

"ಎರಡೂ ಸರಿಸಮ ಕರೆಂಟ್ ಕೊಡ್ತಾವ್ರಿ. ಜಾಗಾ ಕಡಿಮಿ ಇದ್ರ ಸಣ್ಣದ ಒಯ್ರಿ," ಎಂದನು ಅಂಗಡಿಕಾರ.

ವೀರನು ಗರ್ಜಿಸಿದನು: "ಏ ತಮ್ಮಾ, ಮೂವತ್ತು ವರ್ಷದಾಗ ನಾ ಅಳತಿ ತಗೊಂಡ ಅಂಗಿ ಯಾರಿಗೂ ಬಿಗಿ ಆಗಿಲ್ಲ! ಮಾಳಿಗಿ ಅಳದೇನಿ. ದೊಡ್ಡದು ಬರೋಬ್ಬರಿ ಕುಂದರತೈತಿ. ಕಟ್ಟು ಅದನ್ನ!"

ಅಯ್ಯೋ ವಿಧಿಯೇ! ಯಾರಿಗೂ ಬಿಗಿಯಾಗದಿರಲೆಂದು ಪ್ರತಿ ಅಳತೆಗೂ ಎರಡಿಂಚು ಒಳಮಡಿಕೆ ಸೇರಿಸಿ ಬರೆಯುವ ಆ ಹಸ್ತವು, ಮಾಳಿಗೆಗೂ ಎರಡಿಂಚು ಸೇರಿಸಿಬಿಟ್ಟಿತ್ತು. ನೀರಿನ ಟ್ಯಾಂಕಿಗೂ ಗೋಡೆಗೂ ನಡುವೆ ಫಲಕ ಇಳಿಯಲೊಲ್ಲದು. ವೀರನು ನೂಕಿದ, ಬೈದ, ಬೆವರಿದ. ಕೆಳಗೆ ರಸ್ತೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮತ್ಯಾರು, ಖಾದರಸಾಬ!

"ವಿಠೋಬಣ್ಣಾ, ಒಳಮಡಿಕಿ ಬಿಚ್ಚತೀ ಏನು? ಒಂದ್ ಬಾಜೂ ಎತ್ತಿ ವಾರಿ ಇಡಪಾ. ಹೆಂಗೂ ದಕ್ಷಿಣಕ್ಕ ವಾರಿ ಇದ್ರನ ಬಿಸಲು ಛಲೋ ಬೀಳತೈತಿ."

ವಾರೆ ಇಟ್ಟೊಡನೆ ಫಲಕ ಗಪ್ಪನೆ ಕೂತಿತು. ವೀರನು ಮಾತ್ರ ರಸ್ತೆಯ ಕಡೆ ತಿರುಗಿಯೂ ನೋಡದೆ ಮಾಳಿಗೆಯಿಂದ ಇಳಿದನು.

ಮರುದಿನ ಕರೆಂಟು ಹೋಯಿತು. ಸಾಲಂಗಡಿಗಳೆಲ್ಲ ಮಬ್ಬಾದವು. ವಿಠೋಬಣ್ಣನ ಅಂಗಡಿಯಲ್ಲಿ ಮಾತ್ರ ಬಲ್ಬು ಜಗ್ಗನೆ ಬೆಳಗಿತು! ಆ ತೇಜಃಪುಂಜದ ಕೆಳಗೆ ವೀರನು ಮೀಸೆ ತಿರುವಿ, ಸೂಜಿ ಹಿಡಿದು, ದಾರದ ತುದಿ ನೆಕ್ಕಿ, ಪೋಣಿಸಿದನು. ತಪ್ಪಿತು. ಮತ್ತೆ ತಪ್ಪಿತು. ಸ್ಟೂಲು ಹತ್ತಿ ಬಲ್ಬಿನ ಮೂತಿಗೇ ಹಿಡಿದರೂ ತಪ್ಪಿತು.

ಸ್ಟೂಲಿನಿಂದ ಇಳಿದನು. ಆಮೇಲೆ ಸೂಜಿದಾರ ಹಿಡಿದು ರಸ್ತೆ ದಾಟಿದನು.

ಖಾದರಸಾಬ ಆ ಮಬ್ಬಿನಲ್ಲೇ ಒಂದೇ ಸಲಕ್ಕೆ ಪೋಣಿಸಿ ಕೊಟ್ಟನು. ನಗಲಿಲ್ಲ. ಮೂಗಿನ ಮೇಲಿದ್ದ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮುಂದೆ ಹಿಡಿದನು.

"ಇದನ್ನೊಮ್ಮಿ ಹಾಕ್ಕೊಂಡ ನೋಡಣ್ಣಾ."