ಮ್ಯಾಗ್ನೆಟ್ಟಿಗೊಂದು ಆಯುಧ ಪೂಜೆ

ನಗಬಾರದ ಕಡೆಯೇ ನಗು ಬರೋದು ನನ್ನ ಹಣೆಬರಹ. ತುಮಕೂರಿನ ಆಚೆ ನಮ್ಮದೊಂದು ತಗಡಿನ ಶೆಡ್ಡಿತ್ತು. ಒಳಗೆ ಸೂಪರ್‌ಕಂಡಕ್ಟರ್ ಮ್ಯಾಗ್ನೆಟ್ ಟೆಸ್ಟಿಂಗು. ಒಂದ್ಸಲ ಕರೆಂಟು ಕೊಟ್ಟು ವೈರ್ ಕಿತ್ತರೂ ಮ್ಯಾಗ್ನೆಟ್ಟಿನ ಸುರುಳಿಯೊಳಗೆ ಕರೆಂಟು ಸುತ್ತುತ್ತಲೇ ಇರಬೇಕು, ಅದೇ ಪರೀಕ್ಷೆ. ದಸರಾ ಮುಗಿಸಿ ಬರುವ ಗಿರಾಕಿಗೆ ಅದನ್ನು ತೋರಿಸದಿದ್ದರೆ ಶೆಡ್ಡಿಗೇ ಬೀಗ. ಆಗ ನಿದ್ದೆ ಬರ್ತಿರಲಿಲ್ಲ. ಈಗ ಆ ದಿನಗಳೇ ವಾಪಸ್ ಬರಲಿ ಅನ್ನಿಸುತ್ತೆ.

ಪಂಪ್‌ಸೆಟ್ಟು

ವಾಚ್‌ಮನ್ ಹೆಬ್ಬೂರಿನವನು. ನಾನು ವೈರ್ ಕಿತ್ತದ್ದು ನೋಡಿ, "ಕರೆಂಟ್ ಹೋಯ್ತಾ ಸಾ?" ಅಂದ.

"ಇಲ್ಲ ಕಣಪ್ಪ, ಒಳಗೇ ಸುತ್ತುತಾ ಇದೆ."

"ವೈರಿಲ್ದೇನೇ?"

"ವೈರಿಲ್ದೇನೇ."

ಹತ್ತಿರ ಬಂದು ಮೆತ್ತಗೆ ಕೇಳಿದ: "ಹಂಗಾದ್ರೆ ನಮ್ ತೋಟದ ಪಂಪ್‌ಸೆಟ್ಟಿಗೂ ಒಂದ್ಸಲ ತುಂಬ್ಸಿ ಕೊಟ್ಬುಡಿ ಸಾ. ತ್ರೀ ಫೇಸ್‌ಗೆ ಕಾದು ಕಾದು ಸಾಕಾಗೈತೆ."

ಹೈ ಟೆಂಪರೇಚರ್

ಸುರುಳಿ ಮುಳುಗಿರೋದು ದ್ರವ ಸಾರಜನಕದಲ್ಲಿ. ಬೆರಳಿಟ್ಟರೆ ಮರಗಟ್ಟೋ ಚಳಿ. ಅದು ಖಾಲಿಯಾದರೆ ಕರೆಂಟೂ ಸತ್ತಂತೆ, ಹಾಗಾಗಿ ನಾನು ಸುರಿಯುತ್ತಲೇ ಇರಬೇಕು. ಸುರಿದಾಗೆಲ್ಲ ಕೊತಕೊತ ಕುದಿಯುತ್ತಿತ್ತು.

ಟೀ ತರುತ್ತಿದ್ದ ಕುಣಿಗಲ್ ಕಡೆಯ ಅಕ್ಕ ಯಂತ್ರಕ್ಕೆ ಅಂಟಿಸಿದ್ದ 'ಹೈ ಟೆಂಪರೇಚರ್ ಸೂಪರ್‌ಕಂಡಕ್ಟರ್' ಅನ್ನೋ ಚೀಟಿ ಓದಿ ಮೂಗಿನ ಮೇಲೆ ಬೆರಳಿಟ್ಟಳು. "ಕುದೀತೈತೆ, ಆದ್ರೆ ತಣ್ಣಗೈತೆ, ಹೆಸ್ರು ನೋಡಿದ್ರೆ ಹೈ ಟೆಂಪರೇಚರ್ರು!"

"ಬೇರೆ ಮ್ಯಾಗ್ನೆಟ್ಟಿಗೆ ಇನ್ನೂ ಚಳಿ ಬೇಕಕ್ಕಾ. ಅದಕ್ಕೆ ಹೋಲಿಸಿದ್ರೆ ಇದು ಬಿಸಿ."

"ಸರಿ ಬುಡಿ. ನಾಳೆ ಟೀ ತಣ್ಣಗೈತೆ ಅಂತ ಮುಖ ಸಿಂಡರಿಸಿದ್ರೆ ನಾನೂ ಇದ್ನೇ ಹೇಳ್ತೀನಿ."

ಪೂಜೆ

ಆಯುಧ ಪೂಜೆಗೆ ಗುಬ್ಬಿಯಿಂದ ಅಯ್ಯನೋರು ಬಂದರು. ತಟ್ಟೆ, ಗಂಟೆ ಎರಡೂ ಹಿತ್ತಾಳೆ. ಮ್ಯಾಗ್ನೆಟ್ ಎಳೆಯಲ್ಲ ಅಂತ ನಾನು ನಿಶ್ಚಿಂತನಾದೆ. ನಮ್ಮ ಕಡಬದ ಫಿಟರ್ರನ್ನು ಮರೆತೇ ಬಿಟ್ಟಿದ್ದೆ. ಆ ಪುಣ್ಯಾತ್ಮ ವರ್ಷಾ ವರ್ಷ ಮಾಡೋ ಹಾಗೆ ಸ್ಪ್ಯಾನರು, ಸುತ್ತಿಗೆ ಎಲ್ಲ ತೊಳೆದು, ಕುಂಕುಮ ಇಟ್ಟು, ಮೊರದಲ್ಲಿ ಹೊತ್ತುಕೊಂಡು ಯಂತ್ರದ ಮುಂದೆ ಜೋಡಿಸೋಕೆ ಬಂದ.

"ಲೋ, ನಿಲ್ಲೋ!" ಅನ್ನೋಷ್ಟರಲ್ಲಿ ಎಲ್ಲ ಹಾರಿ ಟಣ್ ಟಣ್ ಅಂತ ಮ್ಯಾಗ್ನೆಟ್ಟಿಗೆ ಅಂಟಿಕೊಂಡವು. ನಾನು ತಲೆ ಮೇಲೆ ಕೈ ಹೊತ್ತೆ. ಅಯ್ಯನೋರು ಮಾತ್ರ ಎರಡೂ ಕೈ ಮುಗಿದರು: "ಇಷ್ಟು ವರ್ಷ ಆಯುಧ ಪೂಜೆ ಮಾಡಿದೀನಿ. ಆಯುಧಗಳೇ ಓಡಿ ಬಂದು ಅಡ್ಡಬಿದ್ದಿದ್ದು ಇದೇ ಮೊದಲು!"

ಅವನ್ನು ಕೀಳೋಕೆ ಧೈರ್ಯ ಬರಲಿಲ್ಲ. ಎಳೆದಾಡಿದರೆ ಕರೆಂಟು ಸತ್ತೀತು ಅನ್ನೋ ಭಯ. ಗಿರಾಕಿ ಬಂದಾಗ ಯಂತ್ರ ಸ್ಪ್ಯಾನರು, ಕುಂಕುಮ, ಚೆಂಡುಹೂವಿನ ಸಮೇತ ನಿಂತಿತ್ತು. ಮುಗೀತು ಕಥೆ ಅಂದುಕೊಂಡು, ಒಳಗೆ ಕರೆಂಟಿದೆ ಅಂತ ತೋರಿಸೋಕೆ ಮೀಟರ್ ತರಲು ಹೊರಟೆ. ಗಿರಾಕಿ ಯಂತ್ರಕ್ಕೊಂದು ಸುತ್ತು ಹಾಕಿದರು. ಎಲ್ಲೂ ವೈರಿಲ್ಲ. "ಮೀಟರ್ ಯಾಕ್ರೀ? ಸುತ್ತಿಗೆ ಇನ್ನೂ ಬಿದ್ದಿಲ್ಲ ಅಂದ್ರೆ ಕರೆಂಟಿದೆ. ಪಾಸ್!" ಅಂದರು.

ಶೆಡ್ಡು ಉಳೀತು. ಖುಷಿಗೆ ನನಗೆ ಕಣ್ಣಲ್ಲಿ ನೀರೇ ಬಂತು. ಹಿಂದಿನಿಂದ ಫಿಟರ್ ಮೆಲ್ಲಗೆ ಅಂದ: "ಸಾ, ಗಿರಾಕಿ ಹೆಂಗೂ ಒಪ್ಕಂಡವ್ರೆ. ಇನ್ನಾದ್ರೂ ನಿಮ್ ದೇವ್ರಿಗೆ ಹೇಳಿ ನನ್ ಸ್ಪ್ಯಾನರ್ ವಾಪಸ್ ಕೊಡ್ಸಿ."