ಊಟ ಕುಡಿದ ಸೋದರತ್ತೆ

ಊಟವನ್ನು ಕುಡಿಯುವ ಜನ ಈಗ ಊರ ತುಂಬ ಇದ್ದಾರೆ. ಆದರೆ ಊಟ ಕುಡಿದ ಮೇಲೆ ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು, ಬೀದಿಗೆ ಕೇಳುವಂತೆ ತೇಗಿದವರು ನಮ್ಮ ಸೋದರತ್ತೆ ಒಬ್ಬರೇ! ಹೆಸರು ಹೇಳುವುದಿಲ್ಲ. ಹೇಳಿದರೆ ಸರಸ್ವತಿಪುರಂನಿಂದ ವಿಜಯನಗರಕ್ಕೆ ಆಟೋ ಹಿಡಿದು ಬಂದು ನನ್ನ ಕಿವಿ ಹಿಂಡುತ್ತಾರೆ. ನನಗೆ ನಲವತ್ತು ದಾಟಿದೆ ಎನ್ನುವುದೆಲ್ಲ ಅವರ ಲೆಕ್ಕಕ್ಕೇ ಇಲ್ಲ.

ಮಾವನ ಎರಡೂ ಕಿಡ್ನಿ ಕೈಕೊಟ್ಟು, ಡಯಾಲಿಸಿಸ್ ಶುರುವಾಗಿತ್ತು. "ನಂದೊಂದು ತೆಗೆದು ಅವರಿಗೆ ಹಾಕಿ" ಎಂದರು ಅತ್ತೆ, ಪಕ್ಕದ ಮನೆಗೆ ಹೆಪ್ಪಿಗೆ ಮಜ್ಜಿಗೆ ಕೊಡುವಷ್ಟೇ ಸಲೀಸಾಗಿ. ಪರೀಕ್ಷೆಗಳೆಲ್ಲ ಹೊಂದಿದವು. ಅತ್ತೆಯ ತೂಕ ಮಾತ್ರ ಹೊಂದಲಿಲ್ಲ.

"ಹನ್ನೆರಡು ಕೆಜಿ ಇಳಿಸ್ಕೊಂಡು ಬನ್ನಿ ಅಮ್ಮಾ. ಆಮೇಲೆ ಆಪರೇಷನ್," ಎಂದರು ಡಾಕ್ಟರು.

"ಕಿಡ್ನಿ ಎಷ್ಟು ತೂಗತ್ತೆ ಡಾಕ್ಟ್ರೇ? ಮೊದ್ಲು ಅದನ್ನ ತೆಗೀರಿ, ಅಷ್ಟಾದ್ರೂ ಇಳಿದ ಹಾಗಾಯ್ತಲ್ಲ!"

ಡಾಕ್ಟರು ನಗಲಿಲ್ಲ. ಡಯಟೀಷಿಯನ್ ಹತ್ತಿರ ಕಳಿಸಿದರು. ಆ ಹುಡುಗಿ ಒಂದು ದೊಡ್ಡ ಡಬ್ಬ ಕೊಡಿಸಿ, ದಿನಕ್ಕೆ ಎರಡು ಹೊತ್ತು ಊಟದ ಬದಲು ಈ ಪುಡಿಯನ್ನು ನೀರಿಗೆ ಕಲಸಿ ಕುಡಿಯಿರಿ, ಉಳಿದ ಒಂದು ಹೊತ್ತು ನಾನು ಹೇಳಿದಷ್ಟೇ ಊಟ ಎಂದಳು. ಹೇಳಿದ್ದು ಯಾರಿಗೆ? ಮೈಸೂರು ಪಾಕನ್ನು ಮೂಸಿ ನೋಡಿಯೇ ಎಷ್ಟು ತುಪ್ಪ ಕಮ್ಮಿಯಾಗಿದೆ ಎಂದು ಹೇಳುವ ಹೆಂಗಸಿಗೆ!

ಮೊದಲ ಗುಟುಕಿಗೇ ಅತ್ತೆಯ ಮುಖ ಹುಳ್ಳಗಾಯಿತು. "ಇಂಗಿನ ಒಗ್ಗರಣೆ ಬಿದ್ರೆ ಇದೂ ಮಜ್ಜಿಗೆಹುಳಿ ಆಗತ್ತೆ ಕಣೋ," ಎಂದರು. ಮಾರನೆಯ ದಿನ ಬಿದ್ದೇ ಬಿತ್ತು! ವೆನಿಲಾ ವಾಸನೆಯ ಆ ಪುಡಿಗೆ ಇಂಗು ಬಿದ್ದರೆ ಏನಾಗುತ್ತದೆಂದು ಕೇಳಬೇಡಿ. ರುಚಿ ನೋಡಿ ಹೇಳು ಎಂದಾಗ ಸಿಕ್ಕಿಹಾಕಿಕೊಂಡವನು ನಾನು.

ಮನೆಯಲ್ಲಿ ಈಗ ವಿಚಿತ್ರ ಪಂಕ್ತಿ. ಮಾವನಿಗೆ ದಿನಕ್ಕೆ ಇಷ್ಟೇ ನೀರು ಎಂದು ಅಳತೆ; ಬಾಯಾರಿದರೆ ತುಟಿ ಒದ್ದೆ ಮಾಡಿಕೊಳ್ಳಬೇಕು. "ನನಗೆ ಕುಡಿಯೋ ಹಾಗಿಲ್ಲ, ಇವಳಿಗೆ ತಿನ್ನೋ ಹಾಗಿಲ್ಲ. ಇಬ್ಬರನ್ನೂ ಸೇರಿಸಿದ್ರೆ ಒಂದು ಊಟ ಕಣಪ್ಪಾ," ಎಂದು ಮಾವ ನಗುತ್ತಿದ್ದರು. ಅವರ ಎದುರಿಗೆ ಲೋಟ ಎತ್ತಲು ಮನಸ್ಸು ಬಾರದೆ ಅತ್ತೆ ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಕೂತು ಕುಡಿದು ಬರುತ್ತಿದ್ದರು.

ಅದೂ ಮಾವನ ಊಟವಾದ ಮೇಲೆ! ಮದುವೆಯಾದಾಗಿನಿಂದ ಮಾವ ಉಂಡೇಳದೆ ಅತ್ತೆ ಒಂದು ತುತ್ತು ಬಾಯಿಗಿಟ್ಟವರಲ್ಲ. ಡಯಾಲಿಸಿಸ್ ದಿನ ಮಾವ ಬರುವುದು ತಡ. ಕಲಸಿಟ್ಟ ಲೋಟದಲ್ಲಿ ನೊರೆ ಹೋಗಿ ಪುಡಿಯೆಲ್ಲ ತಳ ಸೇರುತ್ತಿತ್ತು.

"ಕಲಸಿದ ಕೂಡಲೇ ಕುಡೀಬೇಕು ಅಂತ ಡಬ್ಬದ ಮೇಲೆ ಬರೆದಿದೆ ಅತ್ತೆ!"

"ಬರ್ಕೊಳ್ಳಲಿ ಬಿಡು. ಆ ಡಬ್ಬಕ್ಕೆ ಗಂಡ ಇದ್ದಾನೇನೋ?"

ಇಷ್ಟೆಲ್ಲ ಮಾಡಿದರೂ ಒಂದು ವಾರ ತೂಕ ಇಳಿಯುವ ಬದಲು ಏರಿಬಿಟ್ಟಿತು. ಡಯಟೀಷಿಯನ್ ಹುಡುಗಿ ಗಾಬರಿಯಾಗಿ ವಿಚಾರಿಸಿದರೆ, ಆ ವಾರದಲ್ಲಿ ಏಕಾದಶಿ ಬಂದಿತ್ತು! "ಏಕಾದಶಿ ದಿನ ಊಟ ಮಾಡೋ ಹಾಗಿಲ್ಲಮ್ಮ. ಇದು ಊಟ ಅಂತ ನೀನೇ ಹೇಳಿದ್ದೀಯ. ಅದಕ್ಕೇ ಡಬ್ಬ ಮುಟ್ಟಲಿಲ್ಲ. ಬರೀ ಫಲಾಹಾರ." ಫಲಾಹಾರವೆಂದರೆ? ಸಬ್ಬಕ್ಕಿ ಉಪ್ಪಿಟ್ಟು, ಸಿಹಿ ಅವಲಕ್ಕಿ, ರಸಬಾಳೆ, ಮೇಲೊಂದು ಲೋಟ ಗಟ್ಟಿ ಹಾಲು. ಸಂಜೆ ಮತ್ತೊಂದು ಸಲ, ಉಪವಾಸ ಅಲ್ಲವೇ, ಸುಸ್ತಾಗುತ್ತದೆ! ಆ ಹುಡುಗಿ ತಲೆ ಮೇಲೆ ಕೈ ಹೊತ್ತಳು. ಕೊನೆಗೆ ಮಾವನೇ ತೀರ್ಪು ಕೊಟ್ಟರು: "ಅದನ್ನ ಊಟ ಅಂತ ಕುಡೀಬೇಡ, ಔಷಧಿ ಅಂತ ಕುಡಿ ಕಣೇ. ಔಷಧಿಗೆ ಏಕಾದಶಿ ಇಲ್ಲ."

ಅಲ್ಲಿಂದ ಅತ್ತೆಯನ್ನು ಹಿಡಿಯುವವರೇ ಇಲ್ಲ. ನೆಂಟರ ಮದುವೆಗೆ ಫ್ಲಾಸ್ಕ್ ಹಿಡಿದು ಬಂದರು. ಪಂಕ್ತಿಯಲ್ಲಿ ನನ್ನ ಪಕ್ಕವೇ ಕೂತರು. ಬಿಸಿ ಹೋಳಿಗೆ ಬಂತು, ಅದರ ಮೇಲೆ ತುಪ್ಪ ಬಿತ್ತು. ಅತ್ತೆ ಕಣ್ಣು ಮಿಟುಕಿಸದೆ ನೋಡಿದರು. "ಇವನಿಗೆ ಇನ್ನೊಂದು ಹಾಕ್ರಪ್ಪಾ," ಎಂದರು. ಆಮೇಲೆ ಫ್ಲಾಸ್ಕ್ ತೆರೆದು ತಮ್ಮ ತಣ್ಣಗಿನ ಊಟ ಕುಡಿದರು. ಯುದ್ಧ ಗೆದ್ದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ, ಪಕ್ಕದ ಎಲೆಯಲ್ಲೇ! ಇವರು ನಮ್ಮತ್ತೆ ಎಂದು ಪಂಕ್ತಿಗೆಲ್ಲ ಕೂಗಿ ಹೇಳಬೇಕೆನಿಸಿತು. ಬಾಯಲ್ಲಿ ಹೋಳಿಗೆಯಿತ್ತು.

ಅಂತೂ ಹನ್ನೆರಡು ಕೆಜಿ ಇಳಿಯಿತು. "ಇನ್ನೇನ್ ನೋಡ್ತೀರಿ ಡಾಕ್ಟ್ರೇ? ಎಲ್ಲಿ ಮಲಕ್ಕೋಬೇಕು ಹೇಳಿ," ಎಂದರು ಅತ್ತೆ.

ಆಪರೇಷನ್ ಇಬ್ಬರಿಗೂ ಚೆನ್ನಾಗಿಯೇ ಆಯಿತು. ಒಂದೆರಡು ದಿನ ಕಳೆದು ಅತ್ತೆಗೆ ಅನ್ನ, ತಿಳಿಸಾರು ಕೊಟ್ಟರು. ಪುಡಿಯಲ್ಲ, ನಿಜವಾದ ಊಟ! ಅತ್ತೆ ತಟ್ಟೆ ಮುಟ್ಟಲಿಲ್ಲ.

"ನಿಮ್ ಮಾವ ಏನಾದ್ರೂ ತಗೊಂಡ್ರೇನೋ? ನೋಡ್ಕೊಂಡು ಬಾ."

ಮಾಸ್ಕ್ ಕಟ್ಟಿಕೊಂಡು ಓಡಿದೆ. ಮಾವನ ರೂಮಿನ ಬಾಗಿಲಿನವರೆಗೆ ಮಾತ್ರ ಬಿಟ್ಟರು. ಮಾವ ಒರಗಿ ಕೂತಿದ್ದರು. ಕೈಯಲ್ಲಿ ಒಂದು ಲೋಟ ನೀರು, ಅಂಚಿನವರೆಗೂ. ಇನ್ನು ಚೆನ್ನಾಗಿ ನೀರು ಕುಡಿಯಬೇಕು ಎಂದು ನರ್ಸ್ ಕೊಟ್ಟು ಹೋಗಿದ್ದರಂತೆ. ಅಷ್ಟು ದಿನ ನೀರಿಗೆ ಹಾತೊರೆದ ಮನುಷ್ಯ ಲೋಟವನ್ನು ಸುಮ್ಮನೆ ಹಿಡಿದುಕೊಂಡಿದ್ದರು.

"ಕುಡೀರಿ ಮಾವ!"

"ನಿಮ್ಮತ್ತೆ ಊಟ ಆಯ್ತೇನಪ್ಪಾ?"

"ಇನ್ನೂ ಇಲ್ಲ."

"ಇಷ್ಟು ವರ್ಷ ಅವಳೇ ಕಾದಳು. ಇವತ್ತು ಅವಳದ್ದು ಮೊದಲು ಆಗ್ಲಿ. ಹೋಗಿ ಹೇಳು."

ಹೋಗಿ ಹೇಳಿದೆ. "ಅವರು ನೀರು ಕುಡೀದೆ ನಾನು ತುತ್ತು ಎತ್ತಲ್ಲ," ಎಂದರು ಅತ್ತೆ. ಮತ್ತೆ ಮಾವನ ಕಡೆಗೆ ಹೊರಟವನು ಕಾರಿಡಾರಿನ ನಡುವೆ ನಿಂತುಬಿಟ್ಟೆ. ಮಾಸ್ಕೆಲ್ಲ ಒದ್ದೆಯಾಗಿತ್ತು. ಇಂಥವರ ಮನೆಯಲ್ಲಿ ಆಡಿ ಬೆಳೆದೆನಲ್ಲ ಎಂದು ಹೆಮ್ಮೆಯಾಯಿತು. ಕಣ್ಣೊರೆಸಿಕೊಂಡು ಅತ್ತೆಯ ಹತ್ತಿರ ವಾಪಸು ಹೋಗಿ, "ಕುಡಿದ್ರು ಅತ್ತೆ," ಎಂದೆ.

"ಲೋಟ ಪೂರ್ತಿಯೇನೋ?"

"ಪೂರ್ತಿ."

ಅತ್ತೆ ಅನ್ನಕ್ಕೆ ಕೈ ಹಾಕಿದರು. ನಾನು ಮಾವನ ಬಾಗಿಲಿಗೆ ಓಡಿದೆ.

"ಅತ್ತೆ ಉಂಡ್ರು ಮಾವ!"

ಮಾವ ನನ್ನನ್ನೇ ಅನುಮಾನದಿಂದ ನೋಡಿದರು.

"ತೇಗಿದಳೇನೋ?"

"ಇಡೀ ವಾರ್ಡಿಗೆ ಕೇಳೋ ಹಾಗೆ!"

"ಹಾಗಾದ್ರೆ ಸರಿ," ಎಂದು ಮಾವ ಲೋಟ ಎತ್ತಿದರು. ಅದು ಖಾಲಿಯಾಗುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ.