ಹದಿಮೂರನೆಯವಳು ಯಾರು?

ಹದಿಮೂರು ಹುಡುಗಿಯರು ಬಂದದ್ದೇ ವೆಂಡೆಲ್ ಕ್ರೂಗರನ ಗ್ರಹಚಾರ. ಅವನು ತರಬೇತಿ ಕೊಡುತ್ತಿದ್ದ ಬ್ರಿಕ್ಸ್‌ಬಿ ಊರಿನ ಹುಡುಗಿಯರ ಸಾಫ್ಟ್‌ಬಾಲ್ ತಂಡಕ್ಕೆ ಲೀಗಿನವರು ಕೊಟ್ಟದ್ದು ಹನ್ನೆರಡೇ ಜಾಗ. ಹೋದ ವರ್ಷ ಅಷ್ಟು ಜನರನ್ನು ಕೂಡಿಸಲು ಅವನು ಮನೆಮನೆ ಅಲೆದು ಚಪ್ಪಲಿ ಸವೆಸಿದ್ದ. ಈ ಸಲ ಕರೆಯದೆಯೇ ಒಬ್ಬಳು ಹೆಚ್ಚಾದಳು.

ಆ ಶನಿವಾರ ಬೆಳಿಗ್ಗೆ ಮೈದಾನದಲ್ಲಿ ಆಯ್ಕೆಯೇನೋ ಸಲೀಸಾಗಿ ನಡೆಯಿತು. ನೆಟ್ಟಗೆ ಚೆಂಡೆಸೆಯಲು ಬರುತ್ತಿದ್ದದ್ದು ಒಬ್ಬಳಿಗೇ, ಅವನ ಮಗಳು ಟೆಸ್‌ಗೆ. ಉಳಿದವರು ಎಸೆದದ್ದು ದೇವರಿಗೇ ಪ್ರೀತಿ. ಅದರಲ್ಲೂ ಒಡೆಟ್ ಎಂಬ ಹುಡುಗಿ, ಚೆಂಡು ಮೇಲೆ ಕಂಡರೆ ಸಾಕು, ಆಲಿಕಲ್ಲು ಮಳೆಗೆ ಸಿಕ್ಕವಳಂತೆ ತಲೆಯ ಮೇಲೆ ಗ್ಲೌಸು ಹೊತ್ತು ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಅವಳನ್ನೇ ಬಿಡುವುದೆಂದು ವೆಂಡೆಲ್ ತೀರ್ಮಾನಿಸಿದ.

ಇಂಥದ್ದನ್ನು ಫೋನಿನಲ್ಲಿ ಹೇಳಬಾರದೆಂದು ಮನೆಗೇ ಹೋದ. ಅಲ್ಲೇ ಎಡವಿದ್ದು. ಒಡೆಟ್‌ಳ ಅಜ್ಜಿ ಅವನನ್ನು ಎಳೆದು ಕೂರಿಸಿ, ಬಿಸಿ ಬಿಸಿ ಸೇಬಿನ ಪೈ ಕೈಗಿಟ್ಟಳು.

"ರಾತ್ರಿಯೆಲ್ಲಾ ಗ್ಲೌಸು ತಬ್ಕೊಂಡೇ ಮಲಗಿದ್ಳು ಕಣಪ್ಪಾ. ಅವಳಮ್ಮ ತೀರ್ಕೊಂಡ ಮೇಲೆ ಮಗು ನಕ್ಕಿದ್ದೇ ಇವತ್ತು. ಹೇಗೆ ಆಡಿದ್ಳು?"

ವೆಂಡೆಲ್ ಪೈಯನ್ನು ಮೆಲ್ಲಗೆ ಕೆಳಗಿಟ್ಟ. "ಅವಳು... ಚೆನ್ನಾಗಿ ಕೂರ್ತಾಳೆ," ಅಂದ.

"ಹಾಗಾದ್ರೆ ಸೇರಿಸ್ಕೊಂಡೆ ಅನ್ನು!" ಎಂದು ಅಜ್ಜಿ ಅವನ ಹಣೆಗೆ ಮುತ್ತಿಟ್ಟಳು.

ಸರಿ, ಕ್ಷೌರದಂಗಡಿಯ ಆಸ್ಮಂಡ್‌ನ ಮಗಳನ್ನು ಬಿಡೋಣವೆಂದು ಅಲ್ಲಿಗೆ ನಡೆದ. ಬಾಯಿ ತೆರೆಯುವ ಮೊದಲೇ ಆಸ್ಮಂಡ್ ಅವನನ್ನು ಕುರ್ಚಿಗೆ ಒರಗಿಸಿ, ನೊರೆ ಬಳಿದು, ಕುತ್ತಿಗೆಯ ಮೇಲೆ ಕತ್ತಿಯಿಟ್ಟ.

"ಏನೋ ಹೇಳೋಕೆ ಬಂದೆಯಲ್ಲ?"

"ಏನಿಲ್ಲ ಮಾರಾಯಾ. ಸುಮ್ನೆ, ಗಡ್ಡ ಬೆಳೆದಿತ್ತು."

ಮೂರನೆಯ ಮನೆಯಲ್ಲಿ ಪಾದ್ರಿಗಳು, ಇವನ ಮುಖ ನೋಡಿ ಏನೋ ದುಃಖವಿರಬೇಕೆಂದು ಕೈಹಿಡಿದು ಪ್ರಾರ್ಥನೆಯನ್ನೇ ಶುರುಮಾಡಿದರು. ಅವರ ಮಗಳನ್ನು ಬಿಡುವ ಮಾತು ಆಮೆನ್ ಜೊತೆಗೇ ಮುಗಿಯಿತು.

ಹೊತ್ತು ಇಳಿಯುವಾಗ ಅವನಿಗೆ ಧೈರ್ಯವಾಗಿ ಬಾಯಿ ತೆರೆಯಬಹುದಾದ ಮನೆ ಒಂದೇ ಉಳಿದಿತ್ತು. ಟೆಸ್ ಹಿತ್ತಲ ಗೋಡೆಗೆ ಚೆಂಡು ಹೊಡೆಯುತ್ತಿದ್ದಳು.

"ಪುಟ್ಟೀ, ಈ ವರ್ಷ ಒಬ್ಬರನ್ನ ಬಿಡ್ಲೇಬೇಕು. ನಿನಗಾದ್ರೆ ಆಟ ಬರುತ್ತೆ, ಮುಂದಿನ ವರ್ಷ..."

ಟೆಸ್ ಪುಟಿದು ಬಂದ ಚೆಂಡನ್ನು ಕೈಯಲ್ಲಿ ಹಿಡಿದಳು. "ತಂಡದಲ್ಲಿ ಒಡೆಟ್ ಇದ್ದಾಳಾ?"

"ಇದ್ದಾಳೆ."

"ಸರಿ ಬಿಡಪ್ಪ," ಎಂದು ಒಳಗೆ ಹೋದಳು. ಎಂಥ ಮಗಳು ಎಂದು ವೆಂಡೆಲ್ ಕಣ್ಣೊರೆಸಿಕೊಂಡ.

ಹೆಂಡತಿ ಮರ್ನಾ ಮಾತ್ರ ಕಿಟಕಿಯಿಂದಲೇ, "ಊರೆಲ್ಲಾ ಸುತ್ತಿ ಬಂದು ನಾಲಿಗೆ ಹೊರಳಿದ್ದು ಇಲ್ಲೇನಾ?" ಎಂದು ಕೇಳಿ, ತನ್ನ ತಂಗಿಗೆ ಫೋನು ಹಚ್ಚಿದಳು. ಅರ್ಧ ಗಂಟೆಯಲ್ಲಿ ಊರಿಗೇ ಗೊತ್ತಾಯಿತು.

ಮೊದಲು ಆಸ್ಮಂಡ್ ಫೋನಿನಲ್ಲಿ ಕೂಗಾಡಿದ: "ಟೆಸ್‌ನ ಬಿಟ್ಯಂತೆ? ತಲೆ ಕೆಟ್ಟಿದೆಯೇನೋ? ಚೆಂಡು ಎಸೆಯೋರು ಯಾರು, ನೀನಾ?" ಪಾದ್ರಿಗಳು ನಿಟ್ಟುಸಿರಿಟ್ಟರು. ಕೊನೆಗೆ ಒಡೆಟ್‌ಳ ಅಜ್ಜಿ: "ಅಯ್ಯೋ, ನಮ್ಮ ಮಗುವಿಗೆ ಅಂಕ ಬರೆಯೋ ಕೆಲಸ ಕೊಟ್ರೂ ಸಾಕಿತ್ತು. ಅವಳಿಗೆ ಚೆಂಡು ಕಂಡ್ರೆ ಭಯ!"

ವೆಂಡೆಲ್ ಎರಡೆರಡು ಮೆಟ್ಟಿಲು ಹಾರಿ ಮಗಳ ಕೋಣೆಗೆ ಓಡಿದ. "ಟೆಸ್, ಎಲ್ಲಾ ಸರಿಹೋಯ್ತು! ನೀನು ತಂಡದಲ್ಲಿದ್ದೀಯ!"

ಟೆಸ್ ಚೀಲದ ಜಿಪ್ ಎಳೆಯುತ್ತಿದ್ದಳು. "ಆಗಲ್ಲಪ್ಪ. ಪಕ್ಕದೂರಿನ ಟೋಲನ್ ತಂಡಕ್ಕೆ ಒಬ್ಬರು ಕಮ್ಮಿ ಇದ್ರಂತೆ. ಫೋನ್ ಮಾಡಿ ಸೇರ್ಕೊಂಡೆ, ಮಾತು ಕೊಟ್ಟಾಯ್ತು."

"ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?"

"ನೀನು ನನ್ನ ಕೇಳಿದ್ಯಾ?"

ಅವನು ಮಂಚದ ಅಂಚಿನಲ್ಲಿ ಕೂತ. ತಪ್ಪು ತನ್ನದೇ, ಮಗಳನ್ನಾದರೂ ಉಳಿಸಿಕೊಳ್ಳೋಣವೆಂದು ಮೆಲ್ಲಗೆ ಅಂದ, "ಹೋಗ್ಲಿ ಬಿಡು. ನಿನ್ನ ಮೊದಲನೇ ಪಂದ್ಯಕ್ಕೆ ಎಲ್ಲಾ ಕೆಲಸ ಬಿಟ್ಟು ಬರ್ತೀನಿ. ಆಣೆ."

ಟೆಸ್ ಅವನ ನುಣುಪಾದ ಕೆನ್ನೆ ತಟ್ಟಿದಳು. "ನೀನು ಬರ್ಲೇಬೇಕಪ್ಪ. ಪಂದ್ಯ ನಿಮ್ಮ ತಂಡದ ಮೇಲೇನೇ."